ಕುದುರೆಗೆ ಹೊಟ್ಟೆನೋವು (ಕಾಲಿಕ್) ಬಂದರೆ, ವೈದ್ಯರು ಬರುವವರೆಗೆ ಏನು ಮಾಡಬೇಕು?

ಮೇವು, ಕಾಳು ಎಲ್ಲವನ್ನೂ ಎದುರಿನಿಂದ ತೆಗೆಯಿರಿ, ನೀರು ಇರಲಿ. ತಕ್ಷಣ ವೈದ್ಯರಿಗೆ ಫೋನ್ ಮಾಡಿ. "ಒದ್ದಾಡುತ್ತಿದೆ" ಎಂದಷ್ಟೇ ಹೇಳಿದರೆ ಸಾಲದು, ಅವರಿಗೆ ಅಂಕಿ ಬೇಕು.

ನಾಡಿಯೇ ಮುಖ್ಯ. ಕೆಳದವಡೆಯ ಒಳ ಅಂಚಿನಲ್ಲಿ ಹಾಯುವ ರಕ್ತನಾಳದ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ವಯಸ್ಕ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. 60 ದಾಟಿ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಒಸಡನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕಡುಗೆಂಪು ಅಥವಾ ನೀಲಿಗಟ್ಟಿದ ಒಸಡು ಕೆಟ್ಟ ಲಕ್ಷಣ. ಕೊನೆಯ ಬಾರಿ ಲದ್ದಿ ಹಾಕಿದ್ದು ಯಾವಾಗ, ಎರಡೂ ಪಕ್ಕೆಗೆ ಕಿವಿಯಿಟ್ಟಾಗ ಕರುಳಿನ ಸದ್ದು ಕೇಳುತ್ತದೆಯೇ, ಇದನ್ನೂ ತಿಳಿಸಿ. ಪೂರ್ತಿ ನಿಶ್ಶಬ್ದವಿದ್ದರೆ ಗಂಭೀರ.

ಬಾಟಲಿಯಿಂದ ಬಾಯಿಗೆ ಎಣ್ಣೆ ಹುಯ್ಯಲೇಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಖಚಿತವೆಂದೇ ತಿಳಿಯಿರಿ. ಜೊತೆಗೆ ಕುದುರೆ ವಾಂತಿ ಮಾಡಲಾರದು. ಮೊದಲೇ ಉಬ್ಬಿದ ಜಠರಕ್ಕೆ ಇನ್ನಷ್ಟು ತುಂಬಿದರೆ ಅದು ಒಡೆಯಬಹುದು. ವೈದ್ಯರು ಮೂಗಿನಿಂದ ನಳಿಕೆ ಇಳಿಸುವುದು ಮೊದಲು ಆ ಒತ್ತಡ ಇಳಿಸಲಿಕ್ಕೇ.

ಫ್ಲೂನಿಕ್ಸಿನ್ ಎಂಬ ನೋವುನಿವಾರಕ ಔಷಧ ಮನೆಯಲ್ಲಿದ್ದರೂ ವೈದ್ಯರನ್ನು ಕೇಳದೆ ಕೊಡಬೇಡಿ: ನೋವು ಅಡಗುತ್ತದೆ, ತಿರುಚಿದ ಕರುಳು ಹಾಗೇ ಇರುತ್ತದೆ. ಅದನ್ನು ಸ್ನಾಯುವಿಗೆ ಚುಚ್ಚಿದರೆ ಮಾಂಸ ಕೊಳೆಯುವ ಮಾರಕ ಸೋಂಕೂ ಬರಬಹುದು.

ನಡೆಸುವ ವಿಚಾರ: ಹೊರಳಾಡಲು ಹವಣಿಸಿದರೆ 10–15 ನಿಮಿಷ ಮೆಲ್ಲಗೆ ನಡೆಸಿ. ಗಂಟೆಗಟ್ಟಲೆ ಸುತ್ತಿಸಿದರೆ ದಣಿಯುತ್ತದೆ ಅಷ್ಟೇ. ಶಾಂತವಾಗಿ ಮಲಗಿದ್ದರೆ ಎಬ್ಬಿಸಬೇಡಿ. ರಭಸದಿಂದ ಹೊರಳುತ್ತಿದ್ದರೆ ಹತ್ತಿರವೇ ಹೋಗಬೇಡಿ.