ಆ ಒಂದು ನಿಮಿಷದಲ್ಲಿ ಹುಡುಗ ಕೇಳಿಸಿಕೊಂಡದ್ದೇನು?

ನಮಸ್ಕಾರ ಸರ್. ಬಾಕ್ಸಿಂಗ್ ಸುತ್ತುಗಳ ನಡುವಿನ ಬಿಡುವಿನಲ್ಲಿ ಎಷ್ಟು ಹೇಳಿದರೂ ಸಂಡೂರಿನ ನಿಮ್ಮ ಹುಡುಗರ ತಲೆಗೆ ಹೋಗುವುದಿಲ್ಲ ಎಂದಿದ್ದೀರಿ. ಸಿಗುವುದೇ 1 ನಿಮಿಷ. ಉಸಿರು, ನೀರು ಮುಗಿದ ಮೇಲೆ ಎರಡು ಮಾತಿಗಷ್ಟೇ ಜಾಗ. ಮುಂದಿನ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಮೊಬೈಲನ್ನು ರಿಂಗಿನ ಮೂಲೆಯಲ್ಲಿಟ್ಟು ನಿಮ್ಮ ಮಾತನ್ನೇ ರೆಕಾರ್ಡ್ ಮಾಡಿ. ಗ್ಲೌಸ್ ಬಿಚ್ಚುವಾಗ ‘ನಾನು ಏನು ಹೇಳಿದೆ?’ ಎಂದು ಹುಡುಗನನ್ನು ಕೇಳಿ, ಅವನ ಉತ್ತರವನ್ನು ರೆಕಾರ್ಡಿಂಗ್ ಜೊತೆ ಹೋಲಿಸಿ. ‘ಸರಿಯಾಗಿ ಆಡು’ ಬರೀ ಗದರಿಕೆ. ‘ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆದು ಎಡಕ್ಕೆ ಸರಿ’ ಎಂದರೆ ಕಾಲಿಗೂ ಅರ್ಥವಾಗುತ್ತದೆ.

ಪಂದ್ಯದ ನಡುವೆ ನೀವು ತಂತ್ರ ಬದಲಿಸಿದ್ದು ಏಕೆ, ಆಗ ಕಣ್ಣಿಗೆ ಕಂಡದ್ದೇನು ಎಂಬುದನ್ನು ಅಂದು ರಾತ್ರಿಯೇ ಬರೆದಿಡಿ. ಗೆದ್ದ ಪಂದ್ಯದಲ್ಲೂ ತಪ್ಪು ನಿರ್ಧಾರಗಳಿರುತ್ತವೆ. ಅವನ್ನು ಯಾರೂ ಬರೆಯುವುದಿಲ್ಲ! ತೋರಣಗಲ್ಲು ನಿಮಗೆ ಹತ್ತಿರವೇ. ಅಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಬಾಕ್ಸಿಂಗ್ ತರಬೇತಿ ಇದೆ; ಅನುಮತಿ ಸಿಕ್ಕರೆ ಒಮ್ಮೆ ಹೋಗಿ, ಕೋಚ್‌ಗಳು ಎಲ್ಲಿ ಸುಮ್ಮನಿರುತ್ತಾರೆ ಎಂಬುದನ್ನು ಗಮನಿಸಿ.