ಕಬ್ಬಿನ ಗರಿಗೇ ತುಂಬುತೋಳು ಬೇಕು, ಇನ್ನು ಕತ್ತಿಗೆ?

ಮಂಡ್ಯದಿಂದ ಬರೆದ ಓದುಗರೇ,

ನಿಮ್ಮ ಪತ್ರ ಮೈಸೂರಿನ ನಮ್ಮ ಕಚೇರಿಗೆ ಬಂದು ಒಂದು ವಾರವಾಯಿತು. ನಮ್ಮ ಫ್ಯಾಂಟಸಿ ಧಾರಾವಾಹಿಯ ಸೇನಾನಾಯಕಿಗೆ ಕಳೆದ ಸಂಚಿಕೆಯ ಚಿತ್ರದಲ್ಲಿ ಕುತ್ತಿಗೆಯಿಂದ ಕಾಲಿನವರೆಗೆ ಕವಚ ತೊಡಿಸಿದ್ದು ನಿಮಗೆ ಹಿಡಿಸಿಲ್ಲ. 'ಅವಳು ಹೆಣ್ಣು ಅಂತಲೇ ಗೊತ್ತಾಗಲ್ಲ. ಡ್ರ್ಯಾಗನ್ ಹಾರಾಡುವ ಕಥೆಯಲ್ಲಿ ಕವಚ ಮಾತ್ರ ಯಾಕೆ ನಿಜದ ಥರ ಇರಬೇಕು? ಭುಜದ ಮೇಲಿನ ಆ ತಗಡಂತೂ ಅತಿಯಾಯಿತು' ಅಂತ ಬರೆದಿದ್ದೀರಿ.

ನಿಮ್ಮೂರಿನಿಂದಲೇ ಶುರು ಮಾಡೋಣ. ಕಬ್ಬಿನ ಗದ್ದೆಗೆ ಇಳಿಯುವ ಹೆಂಗಸರನ್ನು ನೀವು ನನಗಿಂತ ಜಾಸ್ತಿ ನೋಡಿರುತ್ತೀರಿ. ಬಿಸಿಲು ಎಷ್ಟೇ ಇರಲಿ, ಎತ್ತಿ ಕಟ್ಟಿದ ಸೀರೆ, ಅದರ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು, ತಲೆಗೆ ಟವೆಲ್ಲು. ಕಬ್ಬಿನ ಗರಿ ಮೈ ಗೀರುತ್ತೆ, ಗೀರಿದ ಕಡೆ ಬೆವರು ಇಳಿದರೆ ಉರಿಯುತ್ತೆ, ಅದಕ್ಕೆ. ಒಂದು ಗರಿಗೆ ಇಷ್ಟು ಎಚ್ಚರ ಪಡುವ ಹೆಣ್ಣು ಈಟಿ ಹಿಡಿದು ಬರುವವನ ಎದುರು ಹೊಟ್ಟೆ ತೊಡೆ ಬಿಟ್ಟುಕೊಂಡು ನಿಲ್ಲುತ್ತಾಳಾ?

ಡ್ರ್ಯಾಗನ್ ಇದೆ ಅಂತ ಕಥೆ ಹೇಳಿತು, ನಾವು ಒಪ್ಪಿದೆವು. ಆದರೆ ಈಟಿ ತಾಗಿದರೆ ಸಾವು ಅಂತಲೂ ಅದೇ ಕಥೆ ಹೇಳಿದೆ, ಎರಡನೇ ಕಂತಿನಲ್ಲಿ ಅವಳ ಅಣ್ಣ ಸತ್ತಿದ್ದು ಹಾಗೆ. ಬೆಟ್ಟದ ಚಾಮುಂಡಿಗೆ ಕವಚ ಬೇಕಿಲ್ಲ, ಅವಳು ದೇವಿ. ಇವಳು ಗಾಯವಾಗುವ ಮನುಷ್ಯಳು. ಅದನ್ನು ಓದುಗರಿಗೆ ಒಂದು ಮಾತೂ ಇಲ್ಲದೆ ಹೇಳುವುದು ಕವಚವೇ. ನಿಮ್ಮ ಕಡೆಯ ಕುರುಕ್ಷೇತ್ರ ನಾಟಕದಲ್ಲಿ ಕರ್ಣ ಕವಚ ಕೊಟ್ಟುಬಿಡುವ ಹೊತ್ತಿಗೆ ಹೊಟ್ಟೆ ತಳಮಳಿಸುವುದಿಲ್ಲವೇ? ಕವಚ ಹೋದ ಮೈಗೆ ಮುಂದೇನಾಗುತ್ತೆ ಅಂತ ಎಲ್ಲರಿಗೂ ಗೊತ್ತು.

ಈಗ ಎದೆಯ ವಿಷಯ. ಬಹಳಷ್ಟು ಚಿತ್ರಗಳಲ್ಲಿ ಹೆಣ್ಣಿನ ಎದೆಗವಚವನ್ನು ಎರಡು ಬಟ್ಟಲು ಕೂಡಿಸಿದ ಹಾಗೆ ಬರೆಯುತ್ತಾರೆ. ಅದು ಅಪಾಯ. ಒಳ್ಳೆಯ ಎದೆಗವಚ ಮಧ್ಯದಲ್ಲಿ ಮುಂದಕ್ಕೆ ಉಬ್ಬಿರುತ್ತೆ, ಎಷ್ಟೋ ಕವಚಗಳಲ್ಲಿ ನಡುವೆ ಒಂದು ಏಣು ಕೂಡ ಇರುತ್ತೆ, ಬಿದ್ದ ಏಟು ಆ ಕಡೆ ಈ ಕಡೆ ಜಾರಲಿ ಅಂತ. ಎರಡು ಬಟ್ಟಲ ನಡುವೆ ಹಳ್ಳ ಬಿಟ್ಟರೆ ಜಾರಿದ ಮೊನೆ ನೇರವಾಗಿ ಎದೆಮೂಳೆಗೇ ಬಂದು ನಿಲ್ಲುತ್ತೆ. ಒಳಗೆ ಹೇಗೂ ದಪ್ಪ ಮೆತ್ತೆಯ ಅಂಗಿ ತೊಡಲೇಬೇಕು, ಇಲ್ಲದಿದ್ದರೆ ಪೆಟ್ಟಿನ ಅದುರು ಸೀದಾ ಮೂಳೆಗೆ. ಅದರ ಮೇಲೆ ಲೋಹ ಬಂದಾಗ ಮೈಯ ಆಕಾರ ಹೊರಗೆ ಕಾಣುವುದು ಕಡಿಮೆ. ನಮ್ಮ ನಾಯಕಿ 'ಗಂಡಸಿನ ಹಾಗೆ' ಕಂಡದ್ದು ಅದಕ್ಕೇ.

ಕವಚದಲ್ಲಿ ಅಂದ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಗ್ರೀಕರು ಕಂಚಿನ ಎದೆಗವಚದಲ್ಲಿ ಗಂಡಸಿನ ಮಾಂಸಖಂಡಗಳನ್ನೇ ಮೂಡಿಸಿದ್ದರು, 16ನೇ ಶತಮಾನದ ಯುರೋಪಿನಲ್ಲಿ ಕವಚದ ಆಕಾರ ಆಗಿನ ಅಂಗಿಯ ಫ್ಯಾಷನ್ನನ್ನು ಹಿಂಬಾಲಿಸಿತು. ಆದರೆ ಚೆಂದಕ್ಕಾಗಿ ಹೊಟ್ಟೆಯನ್ನು ಬರಿದು ಬಿಡಲಿಲ್ಲ.

ಹೆಣ್ಣಿಗೆ ಇಷ್ಟು ಭಾರ ಹೊರಲು ಆಗುತ್ತಾ ಅನ್ನುವವರೂ ಇದ್ದಾರೆ. 15ನೇ ಶತಮಾನದ ಪೂರ್ತಿ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋ. ಅದು ಮೈಯೆಲ್ಲಾ ಹಂಚಿಹೋಗುವುದರಿಂದ ಓಡಬಹುದು, ಕುದುರೆ ಏರಬಹುದು. 1429ರಲ್ಲಿ ಫ್ರಾನ್ಸಿನ ಟೂರ್ ಪಟ್ಟಣದಲ್ಲಿ ಜೋನ್ ಆಫ್ ಆರ್ಕ್‌ಗಾಗಿ ಕವಚ ಮಾಡಿಸಿದರು. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೇನೆಯ ಮುಂದೆ ನಿಂತ ಹದಿಹರೆಯದ ಹುಡುಗಿ. ಅದೇ ವರ್ಷದ ಮೇ ತಿಂಗಳಲ್ಲಿ ಓರ್ಲಿಯನ್ಸ್‌ನಲ್ಲಿ ಬಾಣ ಅವಳ ಕುತ್ತಿಗೆ ಭುಜದ ನಡುವೆ ನಾಟಿತು. ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಗೋಡೆಯ ಹತ್ತಿರ ತೊಡೆಗೆ ತಾಗಿತು. ಪೂರ್ತಿ ಕವಚ ಇದ್ದವಳಿಗೇ ಹೀಗೆ.

ಅಳತೆ ಮುಖ್ಯ ಅನ್ನುವುದು ಇವತ್ತಿನ ಸೈನ್ಯಕ್ಕೂ ತಡವಾಗಿ ಹೊಳೆಯಿತು. ಅಮೆರಿಕದ ಸೇನೆಯ ಹೆಂಗಸರು ಎಷ್ಟೋ ವರ್ಷ ಗಂಡಸರ ಅಳತೆಯ ಗುಂಡುನಿರೋಧಕ ಜಾಕೆಟ್ ತೊಟ್ಟು, ಬಂದೂಕನ್ನು ಭುಜಕ್ಕೆ ಸರಿಯಾಗಿ ಒತ್ತಿಕೊಳ್ಳಲಾಗದೆ ಒದ್ದಾಡಿದರು. 2012ರ ಸುಮಾರಿಗೆ ಅವರ ಮೈಗೆ ಹೊಂದುವ ಜಾಕೆಟ್ ಬಂತು. ಎದೆಗೆ ಜಾಗ, ಸೊಂಟಕ್ಕೆ ಸರಿಯಾದ ಉದ್ದ, ಭುಜ ಕಿರಿದು, ಇಷ್ಟೇ ಬದಲಾವಣೆ. ಹೆಣ್ಣಿನ ಕವಚ ಅಂದರೆ ನನ್ನ ಮಟ್ಟಿಗೆ ಅದು.

ನಮ್ಮ ಸೆಕೆಗೆ ಉಕ್ಕು ಆಗಲ್ಲ ಅನ್ನುವುದಾದರೆ ಒಪ್ಪುತ್ತೇನೆ. ಟಿಪ್ಪು ಕಾಲದ ಮೈಸೂರಿನಲ್ಲಿ ಪದರ ಪದರ ಬಟ್ಟೆ ಕೂಡಿಸಿ ಹೊಲಿದ ಪೇಟಿ ಅನ್ನುವ ಕವಚ ಇತ್ತು, ಬಟ್ಟೆಯದೇ ಶಿರಸ್ತ್ರಾಣವೂ ಇತ್ತು. ನಮ್ಮ ನಾಯಕಿಗೆ ಅಂಥದ್ದು, ಕೆಳಗೆ ಕಚ್ಚೆ ಸೀರೆ ಬರೆದರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ? ಕಥೆ ಹೊಳೆದಂಡೆಯ ರಾಜ್ಯಕ್ಕೆ ಬಂದ ಮೇಲೆ ಹಾಗೇ ಮಾಡುತ್ತೇವೆ.

ಭುಜದ ತಗಡಿನ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಅಷ್ಟು ಅಗಲದ ತಗಡು ಕೂರಿಸಿದರೆ ಕೈ ಮೇಲೆತ್ತಲು ಆಗಲ್ಲ, ಅವಳೋ ಬಿಲ್ಲುಗಾತಿ. ಅಚ್ಚಿಗೆ ಕಳಿಸುವ ಮುಂಚೆ ನಾನು ನೋಡಬೇಕಿತ್ತು, ತಪ್ಪು ನನ್ನದು. ಕಲಾವಿದರ ಜೊತೆ ಕೂತು ಮಾತಾಡಿದ್ದೇನೆ. ಮುಂದಿನ ಕಂತಿನಲ್ಲಿ ಆ ತಗಡು ಇರುವುದಿಲ್ಲ. ಯುದ್ಧ ಮುಗಿಸಿ ಬಂದವಳು ಶಿರಸ್ತ್ರಾಣ ತೆಗೆದು ಜಗಲಿಯ ಮೇಲೆ ಇಡುತ್ತಾಳೆ, ಬೆವರಿಗೆ ಅಂಟಿದ ಜಡೆಯನ್ನು ಬಿಚ್ಚಿಕೊಳ್ಳುತ್ತಾಳೆ. ಆ ಚಿತ್ರ ನೋಡಿ ಮತ್ತೆ ಬರೆಯಿರಿ.

– ಸಂಪಾದಕ