ಅನುಮಾನಕ್ಕೂ ಒಂದು ಪುಟಸಂಖ್ಯೆ ಇರಲಿ

ಮಾನ್ಯರೇ, ನಮಸ್ಕಾರ.

ಊರು ಬಿಟ್ಟು ಮುಂಬೈ ಹೋಟೆಲಿಗೆ ದುಡಿಯಲು ಬಂದ ಹುಡುಗನ ಬಗ್ಗೆ ಡೊಂಬಿವಲಿಯಿಂದ ನೀವು ಬರೆದು ಕಳಿಸಿದ ಕಾದಂಬರಿಯನ್ನೂ ಜೊತೆಗಿದ್ದ ಪತ್ರವನ್ನೂ ನಮ್ಮ ಬಳಗದ ಇಬ್ಬರು ಪೂರ್ತಿ ಓದಿದ್ದೇವೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಆದರೆ ಈ 312 ಹಾಳೆಗಳ ಒಳಗೆ ಒಂದು ಒಳ್ಳೆಯ ಕಾದಂಬರಿ ಕೂತಿದೆ. ಅದು ಎಲ್ಲಿದೆ ಎಂದು ಪುಟ ಹಿಡಿದು ತೋರಿಸಲು ಈ ಉತ್ತರ.

ನಿಮ್ಮ ಪತ್ರದಲ್ಲಿ ಅಳುಕು ಬಹಳ ಇದೆ. ವಯಸ್ಸು 59 ಆಯಿತು, ಓದಿದ್ದು ರಾತ್ರಿ ಶಾಲೆಯಲ್ಲಿ, ಬರುವುದು ಹೋಟೆಲಿನ ಕನ್ನಡ, ಮೊದಲ ಅಧ್ಯಾಯವನ್ನು 14 ಸಲ ಬರೆದರೂ ಸಮಾಧಾನವಿಲ್ಲ ಎಂದಿದ್ದೀರಿ. ವಯಸ್ಸಿನ ಮಾತು ಬಿಡಿ. 1982ರ ಮುಂಬೈಯ ಗಿರಣಿ ಪ್ರದೇಶ ಲಾಲ್‌ಬಾಗನ್ನು ಕಂಡ ಕಣ್ಣು ಇಂದಿನ ಮೂವತ್ತರ ಬರಹಗಾರನಿಗೆ ಎಲ್ಲಿಂದ ಬರಬೇಕು? ರಾತ್ರಿ ಶಾಲೆಯಲ್ಲಿ ಓದಿದ್ದಕ್ಕೆ ಮುಂಬೈ ಕನ್ನಡಿಗರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಉಳಿದ ಎರಡು ಅಳುಕುಗಳು ಮಾತ್ರ ಕಾದಂಬರಿಗೆ ನಿಜವಾಗಿ ಪೆಟ್ಟು ಕೊಟ್ಟಿವೆ.

ನಿಮ್ಮ ಕನ್ನಡದ ಮೇಲೆ ನಿಮಗೇ ನಂಬಿಕೆ ಇಲ್ಲದ್ದರಿಂದ ಮೊದಲ 62 ಪುಟಗಳನ್ನು ಯಾರದೋ ಕನ್ನಡದಲ್ಲಿ ಬರೆದಿದ್ದೀರಿ. ಬೈಂದೂರಿನ ಹನ್ನೆರಡರ ಹುಡುಗ ಹೊರಡುವ ಹಿಂದಿನ ರಾತ್ರಿ ತಾಯಿಗೆ ‘ಮಾತೆಯೇ, ನಾಳೆ ನಾನು ಮುಂಬೈಗೆ ಪ್ರಯಾಣ ಬೆಳೆಸಲಿದ್ದೇನೆ’ ಎನ್ನುತ್ತಾನೆ. ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿರಲಿಕ್ಕಿಲ್ಲ. ‘ಅಮಾ, ನಾಳಿಗ್ ಬೊಂಬಾಯಿಗ್ ಹೋತೆ’ ಎಂದರೆ ಮುಗಿಯಿತು. ಸಮುದ್ರ, ದೇವಸ್ಥಾನ, ಸೂರ್ಯಾಸ್ತದ ವರ್ಣನೆಗಳೂ ಹೀಗೆಯೇ ಎರವಲು.

ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ನಾವು ಎದ್ದು ಕೂತೆವು. ಬೆಳಗಿನ ನಾಲ್ಕು ಗಂಟೆಯ ಅಡುಗೆಮನೆ. ಭಟ್ಟರು ಉದ್ದಿನ ಹಿಟ್ಟಿನ ಚಿಟಿಕೆಯೊಂದನ್ನು ನೀರಿನ ಬಟ್ಟಲಿಗೆ ಬಿಡುತ್ತಾರೆ, ತೇಲಿದರೆ ಮಾತ್ರ ಗ್ರೈಂಡರ್ ನಿಲ್ಲಿಸಲು ಹೇಳುತ್ತಾರೆ. ಜನವರಿಯ ಚಳಿಗೆ ಹಿಟ್ಟು ಹುದುಗದೆ ಹುಡುಗ ಪಾತ್ರೆಗೆ ಗೋಣಿ ಸುತ್ತಿ ಒಲೆಯ ಪಕ್ಕ ಇಡುತ್ತಾನೆ, ತಾನೂ ಅದಕ್ಕೇ ಒರಗಿ ನಿದ್ದೆ ಹೋಗುತ್ತಾನೆ. ಇಲ್ಲಿ ಒಂದು ವಿಶೇಷಣವೂ ಹೆಚ್ಚಿಲ್ಲ. ಕೈಗೆ ಗೊತ್ತಿದ್ದ ಕೆಲಸವನ್ನು ಬರೆಯುವಾಗ ಅನುಮಾನಪಡುವುದನ್ನೇ ನೀವು ಮರೆತಿದ್ದೀರಿ. ಕಾದಂಬರಿಕಾರ ಯಶವಂತ ಚಿತ್ತಾಲರು ಇದೇ ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಅವರ 1979ರ ಕಾದಂಬರಿ ‘ಶಿಕಾರಿ’ಯ ಲೋಕ ಆ ಕಚೇರಿಗಳದ್ದೇ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮೋರಿ, ಗಲ್ಲಾಪೆಟ್ಟಿಗೆ, ಉದ್ರಿ ಪುಸ್ತಕ ಕಾದಂಬರಿಗೆ ಒದಗುವ ಸಾಮಗ್ರಿ ಹೌದೋ ಅಲ್ಲವೋ ಎಂದು ಕೇಳಿದ್ದೀರಿ. ಹೌದು.

ಆದ್ದರಿಂದ ಕಾದಂಬರಿ ಒಂಬತ್ತರಿಂದ ಶುರುವಾಗಲಿ. ಮೊದಲ 62 ಪುಟಗಳಲ್ಲಿ ಮುಂದೆ ಬೇಕಾಗುವ ಸಂಗತಿ ಮೂರೇ: ಅಪ್ಪನ ಸಾಲ, ಅಕ್ಕನ ಮದುವೆ, ಮಾವ ಬರೆದ ಕಾಗದ. ಅವನ್ನು ಹುಡುಗನ ನೆನಪಾಗಿ ಎರಡೆರಡು ಸಾಲಿನಲ್ಲಿ ತನ್ನಿ. ಕುಂದಾಪುರದ ಮಾತು ಸಂಭಾಷಣೆಯಲ್ಲಿ ಇರಲಿ, ನಿರೂಪಣೆ ನಿಮ್ಮ ಪತ್ರದಲ್ಲಿರುವಂಥ ಸರಳ ಕನ್ನಡದಲ್ಲೇ ಇರಲಿ. ಪ್ರತಿ ಉಚ್ಚಾರವನ್ನೂ ಅಕ್ಷರಕ್ಕಿಳಿಸಲು ಹೋದರೆ ಧಾರವಾಡದ ಓದುಗರು ಎರಡನೇ ಪುಟಕ್ಕೇ ಸುಸ್ತಾಗುತ್ತಾರೆ. ‘ಹ್ವಾಯ್’, ‘ಎಂತಕ್ಕೆ’, ‘ಹೋತೆ’, ‘ಬತ್ತೆ’ಯಂಥ ಹತ್ತಿಪ್ಪತ್ತು ರೂಪಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಕೊನೆಯವರೆಗೂ ಅದೇ ಕಾಗುಣಿತ ಪಾಲಿಸಿ. ಈಗ ಒಂದೇ ಶಬ್ದ ಮೂರು ಬಗೆಯಲ್ಲಿ ಬಂದಿದೆ.

ಕಾಲದ ತಪ್ಪುಗಳಿವೆ. 1978ರಲ್ಲಿ ಹುಡುಗ ಬೈಂದೂರಿನಲ್ಲಿ ರೈಲು ಹತ್ತುತ್ತಾನೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರ ಜನವರಿಯಲ್ಲಿ. ಅವನನ್ನು ಬಸ್ಸಿನಲ್ಲೇ ಕಳಿಸಬೇಕು. ಅವನು ಪದೇ ಪದೇ ‘ಛತ್ರಪತಿ ಶಿವಾಜಿ ಟರ್ಮಿನಸ್’ ಎನ್ನುತ್ತಾನೆ. ಆ ಹೆಸರು 1996ರದ್ದು, 1978ರಲ್ಲಿ ಎಲ್ಲರ ಬಾಯಲ್ಲೂ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್).

ದೊಡ್ಡ ತಪ್ಪು ಇದಲ್ಲ. ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರವನ್ನು 241ನೇ ಪುಟದಲ್ಲಿ ಅರ್ಧ ಪುಟಕ್ಕೆ ಮುಗಿಸಿದ್ದೀರಿ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ನಿಮ್ಮ ಹೋಟೆಲು ಗಿರಣಿಯ ಗೇಟಿಗೆ ಎದುರಾಗಿದೆ. ಗಿರಣಿಯ ಸೈರನ್ ‘ಭೋಂಗಾ’ ಕೂಗಿ ಪಾಳಿ ಬಿಟ್ಟಾಗ ತುಂಬುತ್ತಿದ್ದ ಮೇಜುಗಳು ಮರುದಿನದಿಂದ ಹೇಗಿದ್ದವು? ಇಡ್ಲಿಗೆ ಎಷ್ಟು ಸೇರು ಅಕ್ಕಿ ಕಡಿಮೆ ನೆನೆಹಾಕಿದರು? ಉದ್ರಿ ಬರೆಸಿದವರು ಊರಿಗೆ ಹೋದ ಮೇಲೆ ಆ ಪುಸ್ತಕವನ್ನು ಧಣಿ ಏನು ಮಾಡಿದರು, ಮೊದಲು ಯಾವ ಹುಡುಗನನ್ನು ಕೆಲಸದಿಂದ ಬಿಡಿಸಿದರು? ಮುಷ್ಕರವನ್ನು ಮೋರಿಯ ಬದಿಯಿಂದ ನೋಡಬಲ್ಲವರು ನೀವು. ಕನಿಷ್ಠ ನಾಲ್ಕು ಅಧ್ಯಾಯ ಇದಕ್ಕೆ ಬೇಕು, ಕಾದಂಬರಿಯ ಬೆನ್ನೆಲುಬು ಇದೇ.

ಇನ್ನು ಆ 14 ಸಲದ ತಿದ್ದುವಿಕೆ. ಕೊನೆ ಗೊತ್ತಿಲ್ಲದೆ ಮೊದಲನ್ನು ತಿದ್ದಿದರೆ ತಿದ್ದುವುದು ಮುಗಿಯುವುದೇ ಇಲ್ಲ, ಏಕೆಂದರೆ ಯಾವುದು ಸರಿ ಎಂದು ಅಳೆಯಲು ನಿಮ್ಮ ಬಳಿ ಕೋಲಿಲ್ಲ. ಒಂದು ನೋಟ್‌ಬುಕ್ ಇಡಿ. ಬರೆಯುವಾಗ ಏಳುವ ಪ್ರತಿ ಅನುಮಾನವನ್ನೂ ಪುಟಸಂಖ್ಯೆಯ ಸಮೇತ ಅದರಲ್ಲಿ ಬರೆದು ಮುಂದೆ ಹೋಗಿ. ‘ಪುಟ 118: ಧಣಿಯ ಸಿಟ್ಟಿಗೆ ಕಾರಣ ಸಾಲದು’ ಎಂಬುದು ಮುಂದೆ ರಿಪೇರಿಯಾಗುವ ಅನುಮಾನ. ‘ನನಗೆ ಬರೆಯಲು ಬರುವುದಿಲ್ಲ’ ಎಂಬುದಕ್ಕೆ ಪುಟಸಂಖ್ಯೆ ಹಾಕಲಾಗದು. ಅದು ಕಾದಂಬರಿಯ ಬಗ್ಗೆ ಇರುವ ಮಾತೇ ಅಲ್ಲ, ಅದನ್ನು ಬರೆದುಕೊಳ್ಳಬೇಡಿ.

ಹೊಸದಾಗಿ ಬರೆಯಬೇಕಾದದ್ದು ಸುಮಾರು 20,000 ಪದ. ದಿನಕ್ಕೆ 300, ವಾರಕ್ಕೆ ಆರು ದಿನವಾದರೆ 1,800. ಹನ್ನೆರಡು ವಾರದೊಳಗೆ ಆಗುತ್ತದೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕೈ ಎತ್ತಲೂ ಜಾಗವಿಲ್ಲ ಎಂದಿದ್ದೀರಿ. ಅಲ್ಲಿ ಬರೆಯಲು ಹೋಗಬೇಡಿ. ರಾತ್ರಿ ಬರೆಯುವ ದೃಶ್ಯದ ಮೊದಲ ವಾಕ್ಯವನ್ನಷ್ಟೇ ಮನಸ್ಸಿನಲ್ಲಿ ಕಟ್ಟಿ. ರಾತ್ರಿ ನಿಲ್ಲಿಸುವಾಗ ದೃಶ್ಯವನ್ನು ಮುಗಿಸದೆ ನಡುವೆಯೇ ನಿಲ್ಲಿಸಿದರೆ ಮರುದಿನ ಖಾಲಿ ಹಾಳೆ ಹೆದರಿಸುವುದಿಲ್ಲ.

ಎಲ್ಲ ಮುಗಿದ ಮೇಲೆ ಅಧ್ಯಾಯಕ್ಕೊಂದು ಸಾಲಿನ ಲೆಕ್ಕ ಬರೆಯಿರಿ: ಯಾವ ವರ್ಷ, ಯಾರಿಗೆ ಏನು ಬೇಕು, ಕೊನೆಗೆ ಏನು ಬದಲಾಯಿತು. ಏನೂ ಬದಲಾಗದ ಅಧ್ಯಾಯವನ್ನು ತೆಗೆಯಿರಿ, ಇಲ್ಲವೇ ಪಕ್ಕದ್ದಕ್ಕೆ ಸೇರಿಸಿ. ಹೊಸದೂ ಸೇರಿ, ಈಗಿನ 78,000 ಪದ 55,000ಕ್ಕೆ ಇಳಿಯಬೇಕು. ಡೆಮಿ ಅಷ್ಟಕ ಅಳತೆಯ ಪುಸ್ತಕದಲ್ಲಿ ಪುಟಕ್ಕೆ 230 ಪದದಂತೆ ಅದು 240 ಪುಟ, ಅಂದರೆ ಹದಿನಾರು ಪುಟದ ಹದಿನೈದು ಮುದ್ರಣ ಫಾರಂ. ಆಮೇಲೆ ಮೂವರಿಗೆ ಕೊಡಿ: ಹೋಟೆಲಿನಲ್ಲಿ ದುಡಿದವರೊಬ್ಬರು, ಮುಂಬೈ ನೋಡದವರೊಬ್ಬರು, ಕಾದಂಬರಿ ಓದುವ ಚಟ ಇರುವವರೊಬ್ಬರು. ‘ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಓದುವುದನ್ನು ಎಲ್ಲಿ ನಿಲ್ಲಿಸಿದಿರಿ, ಯಾರ ಹೆಸರು ಮರೆತುಹೋಯಿತು ಎಂದು ಕೇಳಿ.

ಮುಂದಿನ ಸಲ ಯೂನಿಕೋಡಿನಲ್ಲೇ ಕಳಿಸಿ. ಹಳೆಯ ಫಾಂಟಿನಿಂದ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಒಡೆದು ಅನೇಕ ಕಡೆ ಅರ್ಥವೇ ಆಗಲಿಲ್ಲ. ಇಡೀ ಕಾದಂಬರಿಗೆ ಕಾಯಬೇಡಿ. ಅಡುಗೆಮನೆಯ ಅಧ್ಯಾಯ, ಮುಷ್ಕರದ ಎರಡು ಅಧ್ಯಾಯ, ಆ ಸಾಲಿನ ಲೆಕ್ಕ, ಇಷ್ಟು ಸಾಕು. ಇಬ್ಬರೂ ಮತ್ತೆ ಓದುತ್ತೇವೆ. ಹಳೆಯ ಮೊದಲ ಅಧ್ಯಾಯವನ್ನು ಮಾತ್ರ ಹದಿನೈದನೇ ಸಲ ಬರೆದು ಕಳಿಸಬೇಡಿ.

ಇಂತು,
ಸಂಪಾದಕ ಬಳಗ, ಮುಂಬೈ